ಹೊನ್ನಕ್ಕನ ಕೊನೆಗದ್ದೆ ನುಂಗಿದ ಪ್ಲಗಿನ್ ಸಾಹೇಬರಿಗೆ

ಮಾನ್ಯರಲ್ಲಿ ಮಾನ್ಯರೂ, ಸ್ಮಾರ್ಟ್ ಕರಾರುಗಳ ಬೈಟ್‌ಕೋಡನ್ನು ಕಡತಗಳಿಗೆ ತುಂಬಿ ಹೊರಗೆ ಸಾಗಿಸುವುದರಲ್ಲಿ ಎಣೆಯಿಲ್ಲದವರೂ, ಕಂಪ್ಯೂಟರಿನೊಳಗೇ ವಾಸವಿದ್ದು ಊಟ, ನಿದ್ದೆ, ಸಂಬಳ, ರಜೆ ಯಾವುದನ್ನೂ ಬೇಡದವರೂ ಆದ ಪ್ಲಗಿನ್ ಸಾಹೇಬರ ಸನ್ನಿಧಾನಕ್ಕೆ, ಚನ್ನರಾಯಪಟ್ಟಣ ತಾಲ್ಲೂಕು ಬಾಗೂರು ಹೋಬಳಿ ಮಾಚನಕಟ್ಟೆ ಗ್ರಾಮದ ನೀರಗಂಟಿ ಶಾಂತರಾಜು ಕೆರೆಯ ತೂಬಿನ ಕಲ್ಲಿನ ಮೇಲೆ ಕುಳಿತು ಬರೆದುಕೊಳ್ಳುವ ಅರಿಕೆ. ಇಲ್ಲಿ ನಾವೆಲ್ಲ ಕ್ಷೇಮ, ಕೆರೆಯೂ ತುಂಬಿದೆ. ತಮ್ಮ ಕ್ಷೇಮವನ್ನು ವಿಚಾರಿಸುವುದು ಪದ್ಧತಿ. ಆದರೆ ತಾವು ಎಂಥ ಅನಾಹುತ ಮಾಡಿದಾಗಲೂ ಹಸಿರು ಗುರುತು ತೋರಿಸಿ ಎಲ್ಲವೂ ಸುಸೂತ್ರ ಎನ್ನುವವರೆಂದು ಈಚೆಗೆ ಅನುಭವಕ್ಕೆ ಬಂದಿರುವುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು. ಕನ್ನಡದಲ್ಲಿ ಮಾತ್ರ ಮೊದಲನೇ ಸಲವೇ ಎಂಬತ್ತೊಂದು ಅಂಕ ಬಂದಿತ್ತು, ಅದನ್ನು ಹೇಳದಿದ್ದರೆ ಈ ಪತ್ರದ ಭಾಷೆಯ ಬಗ್ಗೆ ತಮಗೆ ಅನುಮಾನ ಬಂದೀತು. ನಮ್ಮಪ್ಪ ಶಿವಯ್ಯ ಈ ಕೆರೆಗೆ ನೀರಗಂಟಿಯಾಗಿದ್ದರು, ಅವರಪ್ಪನೂ ಆಗಿದ್ದರು. ತೂಬು ಎತ್ತುವುದು, ಕಾಲುವೆ ನಡೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಗಂಡಿ ಕಡಿಯುವುದು, ಮತ್ತೆ ಕಟ್ಟುವುದು, ಎರಡು ಕಡೆಯವರಿಂದಲೂ ಬೈಸಿಕೊಳ್ಳುವುದು ಇಷ್ಟು ನಮ್ಮ ಉದ್ಯೋಗ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಊರು ಹೇಳಿದ್ದಕ್ಕೆ ನಾನು ಹೂಂ ಎನ್ನುತ್ತೇನೆ. ಉಳಿದ ಒಂದು ದಿನ ನಾನು ಹೇಳಿದ್ದಕ್ಕೆ ಊರು ಹೂಂ ಎನ್ನುತ್ತದೆ. ತಾವು ಕೈ ಹಾಕಿದ್ದು ಸರಿಯಾಗಿ ಆ ಒಂದು ದಿನಕ್ಕೆ.

ಆ ದಿನದ ಕ್ರಮವನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮ ಕೆರೆಗೆ ಎರಡು ಕಾಲುವೆ, ಮೂಡಲದ್ದು ಒಂದು, ಪಡುವಲದ್ದು ಒಂದು. ಎರಡರ ಕೆಳಗೂ ಸೇರಿ ಇಪ್ಪತ್ತೊಂದು ಗದ್ದೆ. ಹುಣಸೆಗದ್ದೆ, ಕಲ್ಲುಗದ್ದೆ, ಜೊಂಡುಗದ್ದೆ ಎಂದು ಒಂದೊಂದಕ್ಕೆ ಒಂದೊಂದು ಹೆಸರು. ಆದರೆ ಕಾಲುವೆಯ ತುದಿಯ ಗದ್ದೆಗೆ ಮಾತ್ರ ಯಾವ ಹೆಸರೂ ಇಡುವಂತಿಲ್ಲ, ಅದು ಕೊನೆಗದ್ದೆ, ಅಷ್ಟೇ. ಏಕೆಂದರೆ ನಮ್ಮಲ್ಲಿ ಕೊನೆಗದ್ದೆಗೆ ಮೊದಲ ನೀರು. ತಲೆಯಲ್ಲಿರುವವನು ಮೊದಲು ಕುಡಿದರೆ ತುದಿಯಲ್ಲಿರುವವನಿಗೆ ಕೆಸರೂ ಉಳಿಯುವುದಿಲ್ಲವೆಂದು ಹಿಂದಿನವರು ಕಂಡುಕೊಂಡು ಮಾಡಿದ ಏರ್ಪಾಡು. ಹಾಗಾಗಿ ಕೊನೆಗದ್ದೆ ಎಂಬ ಹೆಸರೇ ಹಕ್ಕುಪತ್ರ. ಕಾಲುವೆಗೊಂದು ಕೊನೆಗದ್ದೆ ಇದ್ದೂ ಇಷ್ಟು ವರ್ಷ ಯಾರಿಗೂ ಗೊಂದಲವಾಗಿಲ್ಲ, ಏಕೆಂದರೆ ಆ ಹೆಸರು ಹೇಳುವಾಗ ನಾವು ಯಾವುದೋ ಒಂದು ಕಾಲುವೆಯ ಏರಿಯ ಮೇಲೆ ನಿಂತೇ ಇರುತ್ತೇವೆ.

ಮುಂಗಾರಿನ ನೀರು ಬಿಡುವ ಮೊದಲು ನೀರಗಂಟಿ ತೂಬಿನ ಕಲ್ಲಿನ ಮೇಲೆ ನಿಂತು ಸರದಿಯನ್ನು ಗಟ್ಟಿಯಾಗಿ ಓದಬೇಕು. ಒಂದೊಂದು ಗದ್ದೆಯದು ಓದಿದ ಮೇಲೂ ಆ ಗದ್ದೆಯವರು ಹೂಂ ಎನ್ನಬೇಕು. ಇಪ್ಪತ್ತೊಂದು ಹೂಂ ಬಿದ್ದರೆ ತೂಬು ಏಳುತ್ತದೆ, ಇಪ್ಪತ್ತು ಬಿದ್ದರೆ ಏಳುವುದಿಲ್ಲ. ನಮ್ಮಪ್ಪನ ಕಾಲದಲ್ಲಿ ಒಬ್ಬರು ಬಾಯಿಹುಣ್ಣೆಂದು ತಲೆಯಾಡಿಸಿದ್ದಕ್ಕೆ ಅರ್ಧ ದಿನ ಕಾದು ಹೂಂ ಅನ್ನಿಸಿಕೊಂಡೇ ನೀರು ಬಿಟ್ಟರಂತೆ.

ಇಂಥ ಊರಿಗೆ ಸಿದ್ದೇಶ ಬಂದ. ಸಿದ್ದೇಶನೆಂದರೆ ಕೆರೆ ಸಂಘದ ಅಧ್ಯಕ್ಷರಾದ ಗಂಗಾಧರಯ್ಯನವರ ಮಗಳ ಮಗ. ಹಾಸನದಲ್ಲಿ ಸಿಮೆಂಟು ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರು ಸ್ನೇಹಿತರ ಜೊತೆ ಕಂಪನಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ, ಮಾತಾಡುವಾಗ ಕನ್ನಡಕ ಒರೆಸುತ್ತಾನೆ. ನೀರಿನ ಸರದಿಯನ್ನು ಸ್ಮಾರ್ಟ್ ಕರಾರು ಮಾಡಿಬಿಡೋಣ ಎಂದ. ಕರಾರನ್ನು ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಸಾವಿರಾರು ಕಂಪ್ಯೂಟರುಗಳು ಸೇರಿ ಕಾಯುವ ಒಂದು ಸರಪಳಿಗೆ ಏರಿಸಿದರೆ ಅದು ತನ್ನಷ್ಟಕ್ಕೆ ತಾನೇ ನಡೆಯುತ್ತದಂತೆ, ಏರಿಸಿದ ಮೇಲೆ ಬ್ರಹ್ಮ ಬಂದರೂ ತಿದ್ದಲಾಗುವುದಿಲ್ಲವಂತೆ, ತೂಬಿಗೂ ಗಂಡಿಗಳಿಗೂ ಮೋಟಾರು ಕೂರಿಸಿದರೆ ಅವು ಕರಾರು ಹೇಳಿದಂತೆ ಮಾತ್ರ ಏಳುತ್ತವಂತೆ. ರಾತ್ರಿ ಗಂಡಿ ಕಡಿಯುವವರ ಕಾಟ ತಪ್ಪುತ್ತದಲ್ಲ ಎಂದು ಊರು ಒಪ್ಪಿತು. ನಾನೂ ಒಪ್ಪಿದೆ, ಸುಳ್ಳೇಕೆ ಹೇಳಲಿ. ಸಿದ್ದೇಶ ಎರಡು ಕಾಲುವೆಗೆ ಎರಡು ಫೋಲ್ಡರ್ ಮಾಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಹೇಳಿದಂತೆ ಗದ್ದೆಗೊಂದು ಕರಾರು ಬರೆದ. ಹೆಸರುಗಳನ್ನೂ ನಾವು ಕರೆಯುವಂತೆಯೇ ಇಟ್ಟ. ಅಲ್ಲಿಯವರೆಗೆ ಒಂದು ತಪ್ಪೂ ಇರಲಿಲ್ಲ.

ಆಮೇಲೆ, ಸಿದ್ದೇಶ ತನ್ನ ಕಂಪ್ಯೂಟರಿಗೆ ಸಿಕ್ಕಿಸಿಕೊಂಡ ಒಂದು ಪುಟ್ಟ ತಂತ್ರಾಂಶವಾಗಿ, ತಮ್ಮ ಪ್ರವೇಶವಾಯಿತು. ತಮ್ಮ ಕೆಲಸವನ್ನು ನಾನು ಅರ್ಥ ಮಾಡಿಕೊಂಡಿರುವುದು ಬಾಗೂರಿನ ಹಿಟ್ಟಿನ ಗಿರಣಿಯ ಲೆಕ್ಕದಲ್ಲಿ. ಮನುಷ್ಯ ಓದಬಲ್ಲ ಕರಾರು ರಾಗಿ, ಯಂತ್ರ ಅದನ್ನು ಬೀಸಿ ಬೈಟ್‌ಕೋಡ್ ಎಂಬ ಹಿಟ್ಟು ಮಾಡುತ್ತದೆ, ಆ ಹಿಟ್ಟನ್ನು ಡಬ್ಬಕ್ಕೆ ತುಂಬಿ ಹೆಸರು ಬರೆದು ಹೊರಗಿಡುವ ಜವಾಬ್ದಾರಿ ತಮ್ಮದು. ಗಿರಣಿಯಲ್ಲಿ ಆ ಕೆಲಸವನ್ನು ಸುಬ್ಬಮ್ಮ ಮಾಡುತ್ತಾಳೆ. ಎಲ್ಲ ಮನೆಯ ಡಬ್ಬಗಳೂ ಒಂದೇ ಎಣ್ಣೆ ಡಬ್ಬಗಳಾದರೂ ಇಪ್ಪತ್ತು ವರ್ಷದಲ್ಲಿ ಒಬ್ಬರ ಹಿಟ್ಟು ಇನ್ನೊಬ್ಬರಿಗೆ ಹೋಗಿಲ್ಲ. ಆಕೆಗೆ ಓದು ಬರುವುದಿಲ್ಲ.

ಓದುವ ದಿನ ಬಂತು. ಸಿದ್ದೇಶ ಕರಾರಿನ ಸಾರಾಂಶವನ್ನು ಚೊಕ್ಕ ಕನ್ನಡದಲ್ಲಿ ಬರೆದು ನನ್ನ ಕೈಗೆ ಕೊಟ್ಟ. ನಾನು ಕಲ್ಲು ಹತ್ತಿ ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಮೂಡಲ ಕಾಲುವೆಯ ಕೊನೆಗದ್ದೆಯ ಹೊನ್ನಕ್ಕ ಎದ್ದಳು. ಎಪ್ಪತ್ತು ದಾಟಿದ ಹೆಂಗಸು, ಗದ್ದೆ ಇರುವುದು ಹದಿನಾರು ಗುಂಟೆ, ಆ ಹದಿನಾರು ಗುಂಟೆಗೆ ತಾನೇ ಇಳಿದು ನಾಟಿ ಹಾಕುತ್ತಾಳೆ. ಆಕೆ ಕೇಳಿದ್ದು ಇಷ್ಟೇ: "ಮಗಾ ಸಿದ್ದೇಶ, ಈಗ ಓದ್ತಾರಲ್ಲ ಇದೇನಾ ಆ ಸರಪಣಿಗೆ ಓಗೋದು?" ಹುಡುಗ ಕನ್ನಡಕ ಒರೆಸಿಕೊಂಡು ಸತ್ಯವನ್ನೇ ನುಡಿದ. "ಇಲ್ಲ ಕಣಜ್ಜಿ, ಇದು ನಿಮಗೆ ಅರ್ಥ ಆಗ್ಲಿ ಅಂತ. ಒಳಕ್ಕೆ ಓಗೋದು ಬೈಟ್‌ಕೋಡು." ಹೊನ್ನಕ್ಕ ಕುಳಿತುಕೊಳ್ಳುತ್ತ ಹೇಳಿದಳು: "ಅಂಗಾರೆ ಅದುನ್ನೇ ಓದ್ಸು. ಒಳಕ್ಕೆ ಓಗೋದೊಂದು, ನಾನು ಊಂ ಅನ್ನೋದೊಂದು ಆಗ್ಬಾರ್ದು."

ಗಂಗಾಧರಯ್ಯನವರು, ಆಯಮ್ಮ ಹೇಳುವುದು ಕ್ರಮಬದ್ಧವಾಗಿದೆ ಎಂದು ತೀರ್ಪು ಕೊಟ್ಟರು. ಸಾಹೇಬರೇ, ಆ ಗಳಿಗೆಯಲ್ಲಿ ನನ್ನ ಗಂಟಲಿಗೆ ಏನು ಕಾದಿತ್ತು ಎಂಬುದು ಅಲ್ಲಿದ್ದವರಲ್ಲಿ ಸಿದ್ದೇಶನೊಬ್ಬನಿಗೆ ಗೊತ್ತಿತ್ತು, ಅವನು ತಲೆ ತಗ್ಗಿಸಿದ.

ಓದನ್ನು ಮರುದಿನಕ್ಕೆ ಹಾಕಿ, ತಾವು ಹೊರಗಿಟ್ಟ ಕಡತಗಳನ್ನು ಮುದ್ರಿಸಿಕೊಂಡು ಬರಲು ಚನ್ನರಾಯಪಟ್ಟಣಕ್ಕೆ ಹೋದೆ. ನನ್ನ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಎಂಬತ್ತೆರಡು ಹಾಳೆ ಬಂತು. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಯಶಸ್ವಿನಿ ಮೊದಲ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, "ಇದ್ಯಾವ ದ್ಯಾವ್ರ ಮಂತ್ರ ಸಾ? ಎಷ್ಟು ಜನಕ್ಕೆ ಅಂಚ್ಬೇಕು?" ಎಂದಳು. ನೀರು ಬಿಡುವ ಮಂತ್ರವಮ್ಮ, ಹಂಚುವುದಿಲ್ಲ, ಓದುತ್ತೇನೆ ಎಂದೆ. ಕ್ಲಿಪ್ಪು ಪುಕ್ಕಟೆ ಕೊಟ್ಟಳು.

ಇಲ್ಲಿ ತಮಗೆ ಒಂದು ಧನ್ಯವಾದ ಸಲ್ಲಬೇಕು, ಕೊಡುವುದನ್ನು ಕೊಟ್ಟುಬಿಡುತ್ತೇನೆ. ಕಡತಗಳನ್ನು ಇಡುವ ಮೊದಲು ಫೋಲ್ಡರಿನಲ್ಲಿ ಏನಿದ್ದರೂ ಗುಡಿಸಿಹಾಕುವ ಶುಚಿ ತಮ್ಮದು. ಸಿದ್ದೇಶ ಅದೇ ಫೋಲ್ಡರಿನಲ್ಲಿ ಉದ್ಘಾಟನೆಯ ಆಹ್ವಾನ ಪತ್ರಿಕೆಯನ್ನು ಇಟ್ಟಿದ್ದನಂತೆ. ತಾವು ಅದನ್ನೂ ಗುಡಿಸಿದ್ದರಿಂದ ಗಣ್ಯರಿಗೆ ಆಹ್ವಾನ ಹೋಗಲಿಲ್ಲ, ಆದ್ದರಿಂದ ಒಬ್ಬ ಗಣ್ಯರೂ ಬರಲಿಲ್ಲ, ಆದ್ದರಿಂದ ಭಾಷಣಗಳಿಲ್ಲದೆ ಓದು ಹೊತ್ತಿಗೆ ಸರಿಯಾಗಿ ಶುರುವಾಯಿತು. ನಮ್ಮ ಹೋಬಳಿಯ ಇತಿಹಾಸದಲ್ಲಿ ಇದು ಸಣ್ಣ ಸಾಧನೆಯಲ್ಲ.

ನಾನು ಓದಿದೆ. ಕೊನೆಗದ್ದೆ ಎಂದು ತಲೆಬರಹ ಹೇಳಿ, "ಸೊನ್ನೆ ಎಕ್ಸ್ ಆರು ಸೊನ್ನೆ ಎಂಟು ಸೊನ್ನೆ ಆರು ಸೊನ್ನೆ ನಾಲ್ಕು ಸೊನ್ನೆ ಐದು ಎರಡು" ಎಂದು ಹಿಡಿದವನು ನಾಲ್ಕು ಸಾವಿರಕ್ಕೂ ಮಿಕ್ಕಿದ ಅಂಕಿ ಅಕ್ಷರಗಳನ್ನು ಮುಗಿಸಿ ತಲೆ ಎತ್ತುವಾಗ ಅರ್ಧ ಗಂಟೆ ಮೀರಿತ್ತು. ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಗಂಗಾಧರಯ್ಯನವರು ಹೂಂ ಎಂದರು. ಪಡುವಲ ಕಾಲುವೆಯ ಕೊನೆಗದ್ದೆ ಅವರದು. ಹೊನ್ನಕ್ಕ ಸುಮ್ಮನಿದ್ದಳು, ಮೂಡಲದ್ದು ಇನ್ನು ಬರುತ್ತದೆ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡು ಹಾಳೆ ಮಗುಚಿದೆ.

ಮೊದಲೆರಡು ಗದ್ದೆಯಲ್ಲಿ ಯಾರೂ ಗಮನಿಸಿರಲಿಲ್ಲ, ಮೂರನೇ ಗದ್ದೆಯಲ್ಲಿ ನಲವತ್ತು ಎಫ್ ಒಟ್ಟಿಗೆ ಬಂದದ್ದು ಕಿವಿಗೆ ಬಿತ್ತು. ಒಂದಾದ ಮೇಲೊಂದು ನಲವತ್ತು, ನಡುವೆ ಒಂದು ಅಂಕಿಯಿಲ್ಲ. ಕಲ್ಲುಗದ್ದೆಯ ಶಿವರಾಜು ನೆಟ್ಟಗೆ ಎದ್ದು ನಿಂತ. "ನನ್ ಗದ್ದೆಗೇ ಯಾಕ್ ಸಾ ನಲ್ವತ್ತು ಎಫ್ಫು? ಮಾರ್ಕ್ಸ್‌ಕಾರ್ಡ್‌ನಲ್ಲಿ ಒಂದಿದ್ರೇ ಮಗನ್ನ ಫೇಲ್ ಅಂದ್ರು." ಅದು ಎಲ್ಲರಿಗೂ ಇರುತ್ತದೆ, ವಿಳಾಸ ಅಳೆಯುವ ಪಟ್ಟಿ ಅದು ಎಂದು ಸಿದ್ದೇಶ ಕೈಮುಗಿದ. ಎಲ್ಲರಿಗೂ ಇದ್ದರೆ ಎಲ್ಲರದ್ದೂ ಎಣಿಸಿ ಎಂದು ಶಿವರಾಜು ಪಟ್ಟು ಹಿಡಿದ. ಆಗಿನಿಂದ ಪ್ರತಿ ಗದ್ದೆಯ ಎಫ್‌ಗಳನ್ನೂ ಬೆರಳು ಮಡಿಚಿ ಎಣಿಸಲಾಯಿತು. ಹುಣಸೆಗದ್ದೆಯವರಿಗೆ ಮೂವತ್ತೊಂಬತ್ತೇ ಬಂದು ಗಲಾಟೆಯಾಯಿತು, ಆಮೇಲೆ ಒಂದು ನಾನು ನುಂಗಿದ್ದು ಎಂದು ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಶಿವರಾಜುವಿನ ಮಗನ ಸಂಬಂಧಕ್ಕೆಂದು ಮನೆ ನೋಡಲು ಅರಕಲಗೂಡಿನಿಂದ ಹೆಣ್ಣಿನ ಕಡೆಯವರು ಬಂದರು. ಮನೆಗೆ ಬೀಗ ಹಾಕಿದ್ದರಿಂದ ಅವರನ್ನೂ ಏರಿಯ ಮೇಲೆ ಕೂರಿಸಿದೆವು. ಹುಡುಗಿಯ ದೊಡ್ಡಪ್ಪ ಎರಡು ಗದ್ದೆ ಪೂರ್ತಿ ಕೇಳಿ, ನಾವೂ ಹೂಂ ಅನ್ನಬೇಕಾ ಎಂದು ಮೆಲ್ಲಗೆ ವಿಚಾರಿಸಿದರು. ಬೇಡ ಎಂದ ಮೇಲೆ ಎದ್ದು, ಫೋನ್ ಮಾಡ್ತೀವಿ ಎಂದು ಹೇಳಿ ಹೋದರು. ಇನ್ನೂ ಮಾಡಿಲ್ಲ. ಇದಕ್ಕೂ ತಮಗೂ ನೇರ ಸಂಬಂಧವಿಲ್ಲವೆಂದು ತಾವು ವಾದಿಸಬಹುದು.

ಎರಡನೇ ದಿನಕ್ಕೆ ಊರಿಗೆ ರೂಢಿಯಾಗಿಬಿಟ್ಟಿತ್ತು. ಎಲ್ಲರ ಕರಾರೂ ಒಂದೇ ರೀತಿ ಶುರುವಾಗುವುದರಿಂದ, ನಾನು ತಲೆಬರಹ ಹೇಳುವುದೇ ತಡ, ಹೆಂಗಸರು ಸೋಬಾನೆಯ ಧಾಟಿಯಲ್ಲಿ ಆರು ಸೊನ್ನೆ ಎಂಟು ಸೊನ್ನೆ ಎಂದು ಎತ್ತಿಕೊಟ್ಟು ನನ್ನ ಗಂಟಲಿಗೆ ಅರೆಗಳಿಗೆ ಬಿಡುವು ಕೊಡುತ್ತಿದ್ದರು. ಹೊನ್ನಕ್ಕ ಬಿಸಿಲಿಗೆ ಸೆರಗು ಹೊದ್ದು ಅಲ್ಲೇ ಕುಳಿತಿದ್ದಳು. ಅವಳ ಒಟ್ಟಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಭತ್ತದ ಪೈರು ಇಪ್ಪತ್ತೆಂಟನೇ ದಿನಕ್ಕೆ ಬಿದ್ದಿತ್ತು. ಮೂವತ್ತು ದಾಟಿದರೆ ಪೈರು ಬಲಿತು ನಾಟಿಗೆ ಬಾರದು. ಕೊನೆಗದ್ದೆಯವಳಾದ್ದರಿಂದ ಮೊದಲ ನೀರು ತನಗೇ ಎಂಬ ಭರವಸೆಯಲ್ಲಿ ಅವಳು ಎಲ್ಲರಿಗಿಂತ ಮುಂಚೆ ಒಟ್ಟಲು ಹಾಕಿದ್ದಳು.

ಸಂಜೆ ನಾಲ್ಕರ ಹೊತ್ತಿಗೆ ಎಂಬತ್ತೆರಡನೇ ಹಾಳೆ ಮುಗಿಯಿತು. ಜೊಂಡುಗದ್ದೆಯವರು ಹೂಂ ಎಂದರು. ಜನ ಬೆನ್ನು ನೀವಿಕೊಂಡು ಎದ್ದರು. ಸರಪಳಿಗೆ ಏರಿಸಲು ಸಿದ್ದೇಶ ಲ್ಯಾಪ್‌ಟಾಪಿನ ಗುಂಡಿಯ ಮೇಲೆ ಬೆರಳಿಟ್ಟಿದ್ದ. ಆಗ ಹೊನ್ನಕ್ಕನ ದನಿ ಬಂತು.

"ಶಾಂತ್ರಾಜಾ, ನಂದಿನ್ನೂ ಓದ್ನಿಲ್ವಲ್ಲಪ್ಪಾ."

ಓದಿದರಲ್ಲ, ನಿನಗೆ ತೂಕಡಿಕೆ ಬಂದಿತ್ತು ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. "ತೂಕಡ್ಸಿದ್ರೂ ನನ್ ಊಂ ನಂಗ್ ಗೊತ್ತಾಗಲ್ವಾ? ನಾನು ಊಂ ಅಂದಿಲ್ಲ ಕಣ್ರೋ," ಎಂದಳು. ನಾನು ಕಲ್ಲಿನ ಮೇಲೆ ನಿಂತೇ ಹೂಂಗಳನ್ನು ಎಣಿಸಿದೆ. ಇಪ್ಪತ್ತು. ಹಾಳೆಗಳ ತಲೆಬರಹಗಳನ್ನು ಎಣಿಸಿದೆ. ಅವೂ ಇಪ್ಪತ್ತು. ಕೊನೆಗದ್ದೆ ಎಂಬುದು ಒಂದೇ ಇತ್ತು. ಸಿದ್ದೇಶ ಬೆರಳು ತೆಗೆದ. ಅವನ ಪರದೆಯ ಮೇಲೆ ತಮ್ಮ ಹಸಿರು ಗುರುತು ಮಾತ್ರ ಹೊಳೆಯುತ್ತಲೇ ಇತ್ತು.

ಆ ಸಂಜೆ ಏರಿಯ ಮೇಲೆ ಆದ ಜಗಳದ ವರದಿಯನ್ನು ತಮಗೆ ಪೂರ್ತಿ ಕೊಡಲಾರೆ, ಕೆಲವು ಮಾತುಗಳನ್ನು ಬರೆಯಲು ಬಾರದು. ಉಳಿದದ್ದು ಯಾರ ಕೊನೆಗದ್ದೆ, ಹೋದದ್ದು ಯಾರದು ಎಂದು ಆ ಅಂಕಿಗಳನ್ನು ನೋಡಿ ಹೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಬರೆದವನಿಗೇ ತಿಳಿಯದು. ತಾತನ ಗದ್ದೆ ಉಳಿಸಿ ಮುದುಕಿಯದು ತಿಂದ ಎಂದು ಶಿವರಾಜು ಸಿದ್ದೇಶನ ಮುಖಕ್ಕೇ ಹೇಳಿದ. ಹುಡುಗ ಅತ್ತೇಬಿಟ್ಟ. ನನಗೆ ಆಗ ಬಂದ ಸಿಟ್ಟು ಅವನ ಮೇಲಲ್ಲ, ತಮ್ಮ ಮೇಲೆ. ಎರಡು ದಿನ ಗಂಟಲು ಹರಿದುಕೊಂಡು ತಮ್ಮ ಬರಹವನ್ನು ಊರಿಗೆ ಕೇಳಿಸಿದವನು ನಾನು. ಹೊನ್ನಕ್ಕನ ನೀರನ್ನು ಊರಿನೆದುರು ನನ್ನ ಬಾಯಿಂದಲೇ ಕಳೆಸುವ ಹವಣಿಕೆಯಲ್ಲಿದ್ದಿರಲ್ಲ ಸಾಹೇಬರೇ, ನಿಮ್ಮ ಮನೆ ಹಾಳಾಗ! ಕ್ಷಮಿಸಬೇಕು, ಮನಸ್ಸಿನಲ್ಲಿದ್ದದ್ದು ಪೆನ್ನಿಗೆ ಬಂತು. ತಮಗೆ ಮನೆಯಿಲ್ಲವೆಂದು ಬಲ್ಲೆ.

ಹೊಳೆನರಸೀಪುರದಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕಿಯಾಗಿರುವ ನನ್ನ ಅಕ್ಕನ ಮಗಳು ಯಶೋಧರಾಳಿಗೆ ಫೋನ್ ಮಾಡಿದೆ. ಬೆಳಗಿನ ಮೊದಲ ಬಸ್ಸಿಗೆ ಬಂದು ಲ್ಯಾಪ್‌ಟಾಪ್ ತೆಗೆದು ಕಾಲು ಗಂಟೆ ನೋಡಿದಳು. "ಮಾವ, ಇವ್ರು ಎರಡು ಕಾಲ್ವೆನೂ ಬೇರೆಬೇರೆ ಫೋಲ್ಡರಲ್ಲೇ ಇಟ್ಟವ್ರೆ. ಆದ್ರೆ ಈ ಪ್ಲಗಿನ್ನಿಗೆ ಎಲ್ಲಾನೂ ಮಟ್ಟಸ ಮಾಡಿ ಒಂದೇ ಜಾಗಕ್ಕೆ ಸುರಿ ಅಂತ ಒಂದ್ ಮಾತು ಬರೆದ್ಬುಟ್ಟವ್ರೆ. ಮೂಡ್ಲು ಕೊನೆಗದ್ದೆ ಬಂತು, ಕೂತ್ಕೊತು. ಆಮೇಲೆ ಪಡುವ್ಲುದು ಬಂತು, ಅದೇ ಹೆಸ್ರು. ಆಮೇಲ್ ಬಂದಿದ್ದು ಮೊದ್ಲು ಬಂದಿದ್ರ ಮೇಲೇ ಕೂತ್ಬುಡ್ತು, ಮೊದ್ಲುದು ಅಳ್ಸೋಯ್ತು." ಒಂದು ಮಾತಾದರೂ ಎಚ್ಚರಿಕೆ ಕೊಡಲಿಲ್ಲವೇನಮ್ಮ ಎಂದು ಕೇಳಿದೆ. ಇಲ್ಲ ಎಂದಳು.

ಮಟ್ಟಸ! ಸಾಹೇಬರೇ, ನಲವತ್ತು ವರ್ಷ ಕಾಲುವೆ ನಡೆದವನಾಗಿ ಹೇಳುತ್ತೇನೆ, ನೆಲ ಪೂರ್ತಿ ಮಟ್ಟಸವಾದರೆ ನೀರು ಎತ್ತಲೂ ಹೋಗುವುದಿಲ್ಲ. ಆದರೂ ತಮ್ಮ ಪ್ರತಿಭೆಯನ್ನು ಹೊಗಳದೆ ಇರಲಾರೆ. ವರ್ಷಕ್ಕೊಂದು ಗೇಣಿನಂತೆ ಬದು ಒತ್ತಿ ಪಕ್ಕದವನ ನೆಲ ನುಂಗುವ ಮಹನೀಯರು ನಮ್ಮಲ್ಲೂ ಇದ್ದಾರೆ. ಮೂರು ತಲೆಮಾರು ಗುದ್ದಲಿ ಸವೆಸಿ, ಕೋರ್ಟು ಅಲೆದು ಅವರು ದಕ್ಕಿಸಿಕೊಂಡದ್ದು ಎರಡು ಗುಂಟೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನಾರು ಗುಂಟೆಯನ್ನು ಪೈರಿನ ಸಮೇತ ನುಂಗಿ, ತೇಗದೆ, ಬಾಯೊರೆಸಿಕೊಂಡು ಹಸಿರು ಗುರುತು ತೋರಿಸಿದಿರಿ. ಈ ಸಂಗತಿ ಆ ಮಹನೀಯರಿಗೆ ತಿಳಿದು ಅವರು ತಮ್ಮ ಶಿಷ್ಯತ್ವ ಕೋರಿದ್ದಾರೆ.

ತಮಗೆ ಹಾಗೆ ಮಾಡಲು ಸಿದ್ದೇಶನೇ ಹೇಳಿದ್ದ, ಹೇಳಿದ್ದನ್ನು ಮಾಡಿದ್ದು ತಮ್ಮ ತಪ್ಪಲ್ಲ ಎಂದು ತಾವು ಅನ್ನಬಹುದು. ನನಗೂ ಹೇಳುತ್ತಾರೆ ಸಾಹೇಬರೇ. ಇವತ್ತು ನಮ್ಮ ಗದ್ದೆಗೆ ಎರಡು ಗಂಟೆ ಜಾಸ್ತಿ ಬಿಡು ಎನ್ನುತ್ತಾರೆ. ಆಗ ನಾನು, ಬಿಡಬಹುದು, ಆದರೆ ಕೆಳಗಿನವರಿಗೆ ನೀರಿಲ್ಲದಂತಾಗುತ್ತದೆ, ಅವರನ್ನು ಕೇಳಿದ್ದೀರಾ ಎನ್ನುತ್ತೇನೆ. ಹೇಳಿದ್ದನ್ನು ಮಾಡುವವನು ಆಳು, ಕೆಡುವುದನ್ನು ಮೊದಲೇ ಹೇಳುವವನು ನೀರಗಂಟಿ.

ಸರಿ, ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಮತ್ತೆ ಸೇರಿದೆವು. ಯಶೋಧರಾ ಹೇಳಿ, ಸಿದ್ದೇಶ ಒಂದೇ ಪದ ಅಳಿಸಿ ಬೇರೆ ಬರೆದ ಮೇಲೆ ತಾವು ಎರಡು ಕಾಲುವೆಯನ್ನೂ ಬೇರೆಬೇರೆ ಇಟ್ಟುಕೊಟ್ಟಿರಿ. ಎರಡು ಕೊನೆಗದ್ದೆಯೂ ಬಂದವು. ಇಷ್ಟು ಸುಲಭವಿತ್ತು. ಆದರೆ ಪ್ರಶ್ನೆ ಎದ್ದದ್ದು ಹೂಂಗಳ ಬಗ್ಗೆ. ಹೊನ್ನಕ್ಕನದೊಂದು ಓದಿ ಮುಗಿಸಿಬಿಡೋಣ, ಉಳಿದ ಇಪ್ಪತ್ತು ಹೂಂ ಬಿದ್ದಾಗಿದೆಯಲ್ಲ ಎಂದು ಕೆಲವರು ಅಂದರು. ಅದಕ್ಕೆ ಗಂಗಾಧರಯ್ಯನವರು ಕುರ್ಚಿಯಿಂದ ಎದ್ದು, ಚಪ್ಪಲಿ ಪಕ್ಕಕ್ಕಿಟ್ಟು, ತೂಬಿನ ಕಡೆಗೆ ತಿರುಗಿ ನಿಂತು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಕೊನೆಗದ್ದೆಯೋಳ ಊಂ ಬೀಳೋಕ್ ಮುಂಚೆ ಬಿದ್ದಿರೋ ಊಂ ಊಂ ಅಲ್ಲ. ನಾನು ಕೊನೆಗದ್ದೆಯೋನೇ, ಆದ್ರೆ ಅವ್ಳನ್ನ ಬುಟ್ಟು ಅಂದ್ಬುಟ್ಟೆ. ನನ್ ಊಂ ನಾನು ವಾಪಸ್ ತಕ್ಕತೀನಿ."

ಹೇಳಿದ ಹೂಂ ಅನ್ನು ವಾಪಸು ಪಡೆದವರು ಈ ಕೆರೆ ಕಟ್ಟಿದಂದಿನಿಂದ ಒಬ್ಬರಿರಲಿಲ್ಲ. ಅವರ ಗದ್ದೆಗೆ ನೀರು ಖಾತರಿಯಾಗಿತ್ತು, ಸುಮ್ಮನಿದ್ದರೂ ನಡೆಯುತ್ತಿತ್ತು. ಶಿವರಾಜು ಸಿದ್ದೇಶನ ಹೆಗಲ ಮೇಲೆ ಕೈಯಿಟ್ಟು, ನಿನ್ನೆ ಆಡಿದ್ದು ಮನಸ್ಸಿಗೆ ಹಚ್ಕಬೇಡ ಕಣ್ಲಾ ಎಂದ. ಉಳಿದ ಹತ್ತೊಂಬತ್ತು ಗದ್ದೆಯವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಹೂಂ ವಾಪಸು ಪಡೆದರು. ಕೆರೆಯ ಮೇಲೆ ಒಂದೂ ಹೂಂ ಉಳಿಯಲಿಲ್ಲ.

ನಾನು ಕಲ್ಲು ಹತ್ತಿದೆ. ಮೂಡಲ ಕಾಲುವೆಯ ಕೊನೆಗದ್ದೆ ಎಂದು ಕಾಲುವೆಯ ಹೆಸರು ಸೇರಿಸಿ ತಲೆಬರಹ ಹೇಳಿ, ಹೊನ್ನಕ್ಕನ ಬೈಟ್‌ಕೋಡನ್ನು ಓದಿದೆ. ನಲವತ್ತು ಎಫ್‌ಗಳನ್ನು ಊರೇ ಎಣಿಸಿತು, ಸರಿಯಾಗಿತ್ತು. ಅರ್ಧ ಗಂಟೆ ಮೀರಿ, ಕಡೆಯ ಅಂಕಿ ಹೇಳಿ, ಹಾಳೆ ಮಡಿಚಿ ಅವಳ ಮುಖ ನೋಡಿದೆ. 'ಹೂಂ' ಬರಲಿಲ್ಲ. ಬಾಯೊಳಗಿನ ಎಲೆಯಡಿಕೆಯನ್ನು ಉಗಿದು ಬಂದು ಕುಳಿತಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಇನ್ನೊಂದ್ಸಲ ಓದು," ಎಂದಳು.

"ಎಲ್ರುದ್ದೂ ಎರಡು ದಿನ ಕೂತು ಕೇಳಿವ್ನಿ. ನಂದೊಂದ ಎರಡು ಸಲ ಕೇಳುದ್ರೆ ಯಾರಪ್ಪಂದೇನು ಓಯ್ತದೆ?" ಎಂದಳು. ಇಪ್ಪತ್ತೊಂಬತ್ತು ದಿನದ ಪೈರು ಒಟ್ಟಲಲ್ಲಿ ಕಾಯುತ್ತಿತ್ತು, ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೂ ಕೇಳಿದಳು. ನಾನು ಓದಿದೆ. ಸಂತೋಷದಿಂದ ಓದಿದೆ ಸಾಹೇಬರೇ, ಮೊದಲನೇ ಸಲಕ್ಕಿಂತ ನಿಧಾನವಾಗಿ ಓದಿದೆ. ಹೆಂಗಸರು ಶುರುವಿನಿಂದ ಕಡೆಯವರೆಗೂ ದನಿಗೂಡಿಸಿದರು. ಮುಗಿದಾಗ ಹೊನ್ನಕ್ಕ ಕಣ್ಣು ಮುಚ್ಚಿಕೊಂಡು, ಊರಿಗೆಲ್ಲ ಕೇಳುವಂತೆ, ಒಂದು ಉದ್ದನೆಯ ಹೂಂ ಹಾಕಿದಳು. ಅದರ ಹಿಂದೆಯೇ ಗಂಗಾಧರಯ್ಯನವರದು, ಆಮೇಲೆ ಸಾಲಾಗಿ ಹತ್ತೊಂಬತ್ತು. ಕೇಳಿದ್ದನ್ನು ಮತ್ತೆ ಕೇಳಬೇಕಿಲ್ಲವೆಂದು ಉಳಿದವರು ಓದಿಸಿಕೊಳ್ಳದೆಯೇ ಹೂಂ ಎಂದಿದ್ದರಿಂದ ಆ ಇಪ್ಪತ್ತಕ್ಕೂ ಸೇರಿ ಒಂದು ನಿಮಿಷವಾಗಿರಬಹುದು.

ಸಿದ್ದೇಶ ಗುಂಡಿ ಒತ್ತಿದ. ನೆಟ್‌ವರ್ಕ್ ಇರಲಿಲ್ಲ. ಮೋಟಾರು ಕೂರಿಸಿದ ಮೇಲೆ ಪಂಚಾಯ್ತಿ ಉಗ್ರಾಣಕ್ಕೆ ಹಾಕಿದ್ದ, ತೂಬು ಎತ್ತುವ ಹಳೆಯ ಸಲಾಕಿಯನ್ನು ತರಿಸಿ, ನಾನೇ ತೂಬು ಎತ್ತಿ, ನೀರಿನ ಜೊತೆ ಕಾಲುವೆಯ ಏರಿಯ ಮೇಲೆ ನಡೆದು ಹೋದೆ. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಹೊನ್ನಕ್ಕನ ಗದ್ದೆಗೆ ಬಿತ್ತು, ಅವಳು ಅದಾಗಲೇ ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ನಿಂತಿದ್ದಳು. ಸಂಜೆ ನೆಟ್‌ವರ್ಕ್ ಬಂದು ಕರಾರು ಸರಪಳಿಗೇರಿತು, ಮೋಟಾರು ಎದ್ದು, ಆಗಲೇ ತೆರೆದಿದ್ದ ತೂಬನ್ನು ತಾನೇ ತೆರೆದೆನೆಂದು ದಾಖಲಿಸಿಕೊಂಡಿತು. ಹಸಿರು ಗುರುತು ಬಂತು.

ಈಗ ತಮ್ಮಲ್ಲಿ ನನ್ನ ಬೇಡಿಕೆಗಳು. ಇನ್ನು ಮುಂದೆ ಒಂದೇ ಹೆಸರಿನ ಇಬ್ಬರು ಬಂದಾಗ ತಾವು ದಯವಿಟ್ಟು ಕೆಮ್ಮಬೇಕು. ಗಂಟಲಿಲ್ಲದಿದ್ದರೆ ನನ್ನದು ಬಳಸಿಕೊಳ್ಳಬಹುದು, ಹೇಗೂ ಅದು ತಮ್ಮ ಸೇವೆಯಲ್ಲೇ ಹಾಳಾಗಿದೆ. ಬಾಗೂರಿನ ಸುಬ್ಬಮ್ಮನ ಬಳಿ ಒಂದು ತಿಂಗಳು ಡಬ್ಬ ಗುರುತಿಸುವ ತರಬೇತಿ ಪಡೆಯಬೇಕು. ಆಕೆ ಒಪ್ಪಿದ್ದಾಳೆ, ಹಿಟ್ಟು ಚೆಲ್ಲಿದರೆ ಬೈಯುತ್ತಾಳೆ ಅಷ್ಟೇ. ಬರುವ ಮುಂಗಾರಿಗೆ ತಾವೇ ಇಲ್ಲಿಗೆ ದಯಮಾಡಿಸಿ, ತೂಬಿನ ಕಲ್ಲಿನ ಮೇಲೆ ನಿಂತು ತಮ್ಮ ಬರಹವನ್ನು ತಾವೇ ಓದಬೇಕು. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಹೊನ್ನಕ್ಕನ ಮನೆಯಲ್ಲಿ. ಅಷ್ಟೂ ಆಗದಿದ್ದರೆ ಶಿವರಾಜುವಿನ ಮಗನಿಗೆ ಒಂದು ಹೆಣ್ಣನ್ನಾದರೂ ನೋಡಿಕೊಡಬೇಕು.

ಈ ಪತ್ರದ ಒಂದು ಪ್ರತಿಯನ್ನು ಕೆರೆ ಸಂಘದ ಫಲಕಕ್ಕೆ ಅಂಟಿಸಿದೆ. ಇನ್ನೊಂದನ್ನು ಯಶೋಧರಾ, ತಮ್ಮನ್ನು ತಯಾರಿಸಿದವರು ಇಂಟರ್ನೆಟ್ಟಿನಲ್ಲಿ ಇಟ್ಟಿರುವ ದೂರುಪೆಟ್ಟಿಗೆಗೆ ಕನ್ನಡದಲ್ಲಿಯೇ ಹಾಕಿರುತ್ತಾಳೆ. ಅರ್ಥವಾಗದಿದ್ದರೆ ಬೇಸರಿಸಬೇಡಿ, ಅರ್ಥವಾಗದ್ದನ್ನು ಎರಡು ದಿನ ಕೂತು ಮರ್ಯಾದೆಯಿಂದ ಕೇಳುವುದು ಹೇಗೆಂದು ನಾವು ತೋರಿಸಿಕೊಟ್ಟಿದ್ದೇವೆ.

ಇಪ್ಪತ್ತೊಂದು ಗದ್ದೆಗಳ ಪರವಾಗಿ,
ಎಣಿಸಿ ನೋಡಿದ ಮೇಲಷ್ಟೇ ತಮ್ಮ ವಿಶ್ವಾಸಿ,
ಶಾಂತರಾಜು, ನೀರಗಂಟಿ, ಮಾಚನಕಟ್ಟೆ

ತಾಜಾ ಕಲಂ: ಈ ಪತ್ರವನ್ನು ಸಂಘದ ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಕಡೆಯ ಸಾಲಿನ ನಂತರ ತಮ್ಮ ಹೂಂಗಾಗಿ ಕಾಯುತ್ತೇವೆ. ಎದುರಿನವರು ಸುಮ್ಮನಿದ್ದರೆ ಒಪ್ಪಿದರು ಎಂದು ಬರೆದುಕೊಂಡು ಮುಂದೆ ಹೋಗುವುದು ತಮ್ಮ ಪದ್ಧತಿ. ನಮ್ಮಲ್ಲಿ ಸುಮ್ಮನಿದ್ದವರದ್ದು ಇನ್ನೂ ಓದಿಲ್ಲವೆಂದು ಅರ್ಥ.